ಅತ್ತೆ, ಮಗಳ ಜೊತೆ ಮಿಲೋಸ್ ದ್ವೀಪಕ್ಕೆ: ಜ್ವಾಲಾಮುಖಿಗಿಂತ ಮೊದಲು ಗಾಳಿಯನ್ನು ನೋಡಿ

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಮೈಸೂರಿನವರು. ನಾನು, ನಮ್ಮ ಯಜಮಾನರು, 10 ವರ್ಷದ ಮಗಳು ಮತ್ತು 67 ವರ್ಷದ ನಮ್ಮ ಅತ್ತೆ ದಸರಾ ರಜೆಯಲ್ಲಿ ಗ್ರೀಸ್‌ಗೆ ಹೋಗಬೇಕು ಅಂತಿದ್ದೇವೆ. ಮಗಳಿಗೆ ಬೀಚ್ ಬೇಕು. ಮೊದಲು ಸ್ಯಾಂಟೊರಿನಿ ಅಂದುಕೊಂಡಿದ್ದೆವು. ಆಮೇಲೆ ಮಿಲೋಸ್ ದ್ವೀಪದ ಬಿಳಿ ಬಂಡೆಗಳ ಫೋಟೊ ನೋಡಿ ಮನಸ್ಸು ಆ ಕಡೆ ತಿರುಗಿತು. ಏಜೆಂಟ್ ಒಬ್ಬರು 7 ರಾತ್ರಿಯಲ್ಲಿ ಅಥೆನ್ಸ್, ಮಿಕೊನೊಸ್, ಸ್ಯಾಂಟೊರಿನಿ, ಮಿಲೋಸ್ ನಾಲ್ಕನ್ನೂ ತೋರಿಸುತ್ತೇವೆ ಅಂತಾರೆ. ಆದರೆ ಮಿಲೋಸ್ ಕೂಡ ಜ್ವಾಲಾಮುಖಿ ದ್ವೀಪ ಅಂತ ಓದಿದ ಮೇಲೆ ಯಜಮಾನರಿಗೆ ಹೆದರಿಕೆ. 2025ರಲ್ಲಿ ಸ್ಯಾಂಟೊರಿನಿಯಲ್ಲಿ ಭೂಕಂಪವಾಗಿ ಜನ ಊರೇ ಬಿಟ್ಟು ಹೋದರಂತೆ. ನಮ್ಮಲ್ಲಿ ಯಾರಿಗೂ ಈಜು ಸರಿಯಾಗಿ ಬರುವುದಿಲ್ಲ. ಅತ್ತೆಗೆ ಮಂಡಿನೋವು. ಎಲ್ಲರೂ ಸಸ್ಯಾಹಾರಿಗಳು, ಮೊಟ್ಟೆಯೂ ತಿನ್ನುವುದಿಲ್ಲ. ಅಲ್ಲಿ ಎಲ್ಲರೂ ಓಡಿಸುವ ನಾಲ್ಕು ಚಕ್ರದ ಬೈಕ್ ಬಾಡಿಗೆಗೆ ತಗೊಂಡರೆ ಸಾಕಾಗುತ್ತದಾ? ಹೋಗಬಹುದಾ, ಬೇಡವಾ?

ಉತ್ತರ: ಹೋಗಬಹುದು. ಮಗಳಿಗೆ ಬೀಚ್ ಮುಖ್ಯ ಅಂದರೆ ಸ್ಯಾಂಟೊರಿನಿಗಿಂತ ಮಿಲೋಸ್ ಒಳ್ಳೆಯ ಆಯ್ಕೆಯೇ. ಆದರೆ ಏಜೆಂಟ್ ಹೇಳಿದ ರೀತಿಯಲ್ಲಿ ಬೇಡ. ಆ ಬೈಕಂತೂ ಬೇಡವೇ ಬೇಡ.

ನಿಮ್ಮ ಪತ್ರದಲ್ಲಿ ನಾಲ್ಕೈದು ಆತಂಕಗಳಿವೆ. ಅವುಗಳಲ್ಲಿ ದೊಡ್ಡದು ಅಂತ ನೀವು ಅಂದುಕೊಂಡಿರುವುದು ನಿಜಕ್ಕೂ ಚಿಕ್ಕದು. ಚಿಕ್ಕದು ಅಂತ ಒಂದೇ ಸಾಲಿನಲ್ಲಿ ಬರೆದು ಮುಗಿಸಿರುವುದು, ಅಂದರೆ ಈಜು ಬಾರದಿರುವುದು ಮತ್ತು ಅತ್ತೆಯವರ ಮಂಡಿನೋವು, ಇವೇ ನಿಮ್ಮ ಪ್ರವಾಸವನ್ನು ನಿರ್ಧರಿಸುವ ವಿಷಯಗಳು. ನಮ್ಮ ಕಡೆಯ ಕುಟುಂಬಗಳಿಗೆ ಗ್ರೀಸ್ ಪ್ರವಾಸ ಹೊಂದಿಸಿ ಕೊಡುವುದೇ ನನ್ನ ಕೆಲಸ. ಜ್ವಾಲಾಮುಖಿಯಿಂದ ಯಾರ ಪ್ರವಾಸವೂ ಕೆಟ್ಟಿದ್ದನ್ನು ನಾನು ನೋಡಿಲ್ಲ. ಗಾಳಿಯಿಂದ, ತಪ್ಪಿದ ಹಡಗಿನಿಂದ, ಜಾರಿದ ಕಾಲಿನಿಂದ ಕೆಟ್ಟಿದ್ದನ್ನು ತುಂಬಾ ನೋಡಿದ್ದೇನೆ.

ಮೊದಲು ಯಜಮಾನರ ಹೆದರಿಕೆ. ಮಿಲೋಸ್ ಜ್ವಾಲಾಮುಖಿ ದ್ವೀಪ ಅನ್ನುವುದು ನಿಜ. ಆಫ್ರಿಕಾದ ಕಡೆಯ ಭೂಫಲಕ ಏಜಿಯನ್ ಸಮುದ್ರದ ತಳಕ್ಕೆ ಜಾರುತ್ತಿದೆ. ಆಳದಲ್ಲಿ ಕಲ್ಲು ಕರಗಿ ಮೇಲೆ ಬಂದ ಕಡೆಯಲ್ಲೆಲ್ಲ ಜ್ವಾಲಾಮುಖಿಗಳಾಗಿವೆ. ಮೆಥಾನಾ, ಮಿಲೋಸ್, ಸ್ಯಾಂಟೊರಿನಿ, ನಿಸಿರೋಸ್ ಎಲ್ಲ ಒಂದೇ ಸಾಲಿನವು. ಆದರೆ ಸಾಲು ಒಂದೇ ಆದರೂ ಎಲ್ಲವೂ ಒಂದೇ ಥರ ಇಲ್ಲ. ಸ್ಯಾಂಟೊರಿನಿಯ ಜ್ವಾಲಾಮುಖಿ ಕೊನೆಯ ಸಲ ಉಕ್ಕಿದ್ದು 1950ರಲ್ಲಿ. ಮಿಲೋಸ್‌ನಲ್ಲಿ ಲಾವಾ ಉಕ್ಕಿ ಹತ್ತಾರು ಸಾವಿರ ವರ್ಷಗಳೇ ಆದವು. ಅದಾದ ಮೇಲೆ ಆಗಿದ್ದು ನೆಲದೊಳಗಿನ ಬಿಸಿನೀರು ಆವಿಯಾಗಿ ಸಿಡಿದ ಸಣ್ಣ ಸ್ಫೋಟಗಳು. ಅವುಗಳಲ್ಲಿ ಕೊನೆಯವು ರೋಮನ್ನರ ಕಾಲದವು.

2025ರ ವಿಷಯವೂ ಸುಳ್ಳಲ್ಲ. ಆ ವರ್ಷ ಜನವರಿ ಕೊನೆಯಿಂದ ಸ್ಯಾಂಟೊರಿನಿ ಮತ್ತು ಅಮೊರ್ಗೊಸ್ ದ್ವೀಪಗಳ ನಡುವೆ ಸಮುದ್ರದಡಿ ಸಾವಿರಾರು ಕಂಪನಗಳಾದವು. ದೊಡ್ಡದರ ತೀವ್ರತೆ 5.3. ಸರ್ಕಾರ ತುರ್ತುಸ್ಥಿತಿ ಘೋಷಿಸಿತು, ಶಾಲೆ ಮುಚ್ಚಿಸಿತು, ಹತ್ತು ಸಾವಿರಕ್ಕೂ ಹೆಚ್ಚು ಜನ ದ್ವೀಪ ಬಿಟ್ಟರು. ಆಳದಲ್ಲಿ ಶಿಲಾರಸ ಸರಿದಾಡಿದ್ದರಿಂದ ಹೀಗಾಯಿತು ಅಂತ ವಿಜ್ಞಾನಿಗಳು ಆಮೇಲೆ ಹೇಳಿದರು. ಸ್ಫೋಟ ಆಗಲಿಲ್ಲ. ಕಂಪನ ತಣ್ಣಗಾದ ಮೇಲೆ ಜನ ವಾಪಸ್ ಬಂದರು, ಬೇಸಿಗೆಯಲ್ಲಿ ಪ್ರವಾಸಿಗರೂ ಬಂದರು. ಮಿಲೋಸ್ ಅಲ್ಲಿಂದ ಸುಮಾರು 100 ಕಿಲೋಮೀಟರ್ ಪಶ್ಚಿಮಕ್ಕಿದೆ.

ಅಷ್ಟಾದರೂ ಗ್ರೀಸ್ ಭೂಕಂಪದ ದೇಶವೇ. ಯುರೋಪಿನಲ್ಲಿ ಹೆಚ್ಚು ನಡುಗುವ ನೆಲ ಅದು. 1956ರ ಜುಲೈ 9ರಂದು ಅಮೊರ್ಗೊಸ್ ಹತ್ತಿರ 7ಕ್ಕಿಂತ ಹೆಚ್ಚು ತೀವ್ರತೆಯ ಭೂಕಂಪವಾಗಿ ಸುನಾಮಿ ಕೂಡ ಎದ್ದಿತ್ತು. ಅದಕ್ಕೇ ಒಂದು ಮಾತು ಮನೆಯವರೆಲ್ಲರಿಗೂ, ಮಗಳಿಗೂ, ಹೇಳಿಟ್ಟಿರಿ. ಬೀಚಿನಲ್ಲಿ ಕೂತಿರುವಾಗ ನೆಲ ಜೋರಾಗಿ ನಡುಗಿದರೆ ಚೀಲ, ಚಪ್ಪಲಿ ಏನನ್ನೂ ಹುಡುಕಬೇಡಿ. ಬಂಡೆಯ ಬುಡದಿಂದ ದೂರ ಸರಿದು ಎತ್ತರದ ಜಾಗಕ್ಕೆ ನಡೆಯಿರಿ. ಅಪಾಯವಿದ್ದರೆ ಸರ್ಕಾರ 112ರ ವ್ಯವಸ್ಥೆಯಿಂದ ಆ ಪ್ರದೇಶದಲ್ಲಿರುವ ಎಲ್ಲರ ಫೋನಿಗೂ ಎಚ್ಚರಿಕೆ ಕಳಿಸುತ್ತದೆ. ಫೋನ್ ಕೀರಲು ದನಿಯಲ್ಲಿ ಕೂಗುತ್ತದೆ. ಹೆದರದೆ ಓದಿ, ಹೇಳಿದಂತೆ ಮಾಡಿ. ತುರ್ತು ಸಹಾಯಕ್ಕೆ ಕರೆ ಮಾಡಬೇಕಾದ ನಂಬರೂ 112 ಆದ್ದರಿಂದ ಅದನ್ನು ನೆನಪಿಟ್ಟುಕೊಳ್ಳಿ.

ಜ್ವಾಲಾಮುಖಿ ಇವತ್ತು ಮಿಲೋಸ್‌ನಲ್ಲಿ ತೊಂದರೆ ಕೊಡುವ ರೀತಿ ಬೇರೆ. ದ್ವೀಪದ ಎಷ್ಟೋ ಭಾಗ ಬೂದಿ ಗಟ್ಟಿಯಾಗಿ ಆದ ಮೆತ್ತನೆ ಕಲ್ಲು. ನೀವು ಫೋಟೊದಲ್ಲಿ ನೋಡಿದ ಸರಾಕಿನಿಕೊ ಬೀಚಿನ ಆ ಬಿಳಿ ಬಂಡೆಗಳಿಗೆ ಗಾಳಿ, ಅಲೆ ಸೇರಿ ಅಷ್ಟು ನುಣುಪಾದ ಆಕಾರ ಕೊಟ್ಟಿರುವುದು ಕಲ್ಲು ಮೆತ್ತಗಿರುವುದರಿಂದಲೇ. ಅದೇ ಕಾರಣಕ್ಕೆ ಬೀಚುಗಳ ಹಿಂದಿನ ಎತ್ತರದ ಗೋಡೆಗಳಿಂದ ಕಲ್ಲು ಕಳಚಿ ಬೀಳುತ್ತದೆ. ಫಿರಿಪ್ಲಾಕಾ ಬೀಚಿನ ಕೆಂಪು, ಹಳದಿ, ಗುಲಾಬಿ ಬಣ್ಣದ ಗೋಡೆ ನೋಡಲು ಎಷ್ಟು ಚೆನ್ನಾಗಿದೆಯೋ ಅದರ ಬುಡ ಕೂರಲು ಅಷ್ಟೇ ಕೆಟ್ಟ ಜಾಗ. ನೆರಳು ಹುಡುಕಿಕೊಂಡು ಜನ ಅಲ್ಲಿ ಹೋಗಿ ಕೂರುತ್ತಾರೆ. ನೀವು ಕೂರಬೇಡಿ. ಕೊಡೆ ತಗೊಂಡು ಹೋಗಿ. ಹಗ್ಗ ಕಟ್ಟಿ ಅಥವಾ ಬೋರ್ಡ್ ಹಾಕಿ ಮುಚ್ಚಿದ ಜಾಗವಿದ್ದರೆ ಎಲ್ಲರೂ ದಾಟಿ ಹೋಗುತ್ತಿದ್ದರೂ ನೀವು ಹೊರಗೇ ಇರಿ.

ತ್ಸಿಗ್ರಾದೊ ಬೀಚಿನ ವೀಡಿಯೊಗಳನ್ನು ನಿಮ್ಮ ಮಗಳು ಈಗಾಗಲೇ ನೋಡಿರಬಹುದು. ಎರಡು ಬಂಡೆಗಳ ನಡುವಿನ ಸಂದಿಯಲ್ಲಿ ಇಳಿಯಬೇಕು. ಮೇಲೆ ಒಂದು ಹಗ್ಗ, ಅದನ್ನು ಹಿಡಿದು ಹಿಮ್ಮುಖವಾಗಿ ಜಾರುತ್ತಾ ಬಂದರೆ ಕೆಳಗೆ ಮರದ ಏಣಿ. ಏಣಿಯ ಮೆಟ್ಟಿಲ ಮೇಲೆ ಯಾವಾಗಲೂ ಮರಳಿನ ಪುಡಿ. ಕೆಳಗಿನಿಂದ ಯಾರಾದರೂ ಹತ್ತಿ ಬರುತ್ತಿದ್ದರೆ ಮೇಲಿನವರು ಸಂದಿಯಲ್ಲಿ ಒತ್ತಿಕೊಂಡು ಕಾಯಬೇಕು. ನೀರೇನೋ ಬಹಳ ಚೆಂದ. ಅತ್ತೆಯವರಿಗೆ ಸಾಧ್ಯವೇ ಇಲ್ಲ. ಮಗಳನ್ನು ಇಳಿಸಿದರೆ ನೀವಿಬ್ಬರೂ ಇಳಿಯಬೇಕು, ಅತ್ತೆಯವರು ಬಿಸಿಲಲ್ಲಿ ಮೇಲೆ ಒಬ್ಬರೇ. ಮೇಲಿನಿಂದ ನೋಡಿ ಪಕ್ಕದ ಫಿರಿಪ್ಲಾಕಾಗೆ ಹೋಗುವುದು ಉತ್ತಮ. ಎರಡಕ್ಕೂ ಸಮುದ್ರ ಅದೇ.

ಈಗ ಗಾಳಿ. ಮಿಲೋಸ್‌ನಲ್ಲಿ ಇವತ್ತು ಯಾವ ಬೀಚ್ ಅಂತ ತೀರ್ಮಾನ ಮಾಡುವುದು ಅದೇ. ಬೇಸಿಗೆಯಲ್ಲಿ ಏಜಿಯನ್ ಸಮುದ್ರದ ಮೇಲೆ ಉತ್ತರದಿಂದ ಬೀಸುವ ಗಾಳಿಗೆ ಮೆಲ್ಟೆಮಿ ಅಂತಾರೆ. ಬಾಲ್ಕನ್ ದೇಶಗಳ ಮೇಲೆ ವಾಯುಒತ್ತಡ ಜಾಸ್ತಿ, ಟರ್ಕಿಯ ಕಡೆ ಕಡಿಮೆ, ನಡುವೆ ಗಾಳಿ ನುಗ್ಗುತ್ತದೆ. ಟರ್ಕಿಯವರೆಗೆ ಚಾಚುವ ಆ ಕಡಿಮೆ ಒತ್ತಡಕ್ಕೂ ಮುಂಗಾರಿನ ಕಾಲದಲ್ಲಿ ನಮ್ಮ ದಕ್ಷಿಣ ಏಷ್ಯಾದ ಮೇಲೆ ಹರಡುವ ಕಡಿಮೆ ಒತ್ತಡಕ್ಕೂ ನಂಟಿದೆ. ಮೈಸೂರಿನಲ್ಲಿ ಛತ್ರಿ ಹಿಡಿದು ಓಡಾಡುವ ಜುಲೈ, ಆಗಸ್ಟ್‌ನಲ್ಲೇ ಅಲ್ಲಿ ಒಂದು ಹನಿ ಮಳೆಯಿಲ್ಲದೆ ನೀಲಿ ಆಕಾಶದ ಕೆಳಗೆ ಟೇಬಲ್ ಮೇಲಿನ ತಟ್ಟೆ ಹಾರುವಷ್ಟು ಗಾಳಿ. ಸೆಪ್ಟೆಂಬರ್‌ನಲ್ಲಿ ಅದು ಇಳಿಯುತ್ತಾ ಬರುತ್ತದೆ. ಅಕ್ಟೋಬರ್‌ನಲ್ಲಿ ದಕ್ಷಿಣದ ಗಾಳಿಯೂ ಶುರುವಾಗುತ್ತದೆ, ನಡುವೆ ಒಂದೊಂದು ಮಳೆಯೂ ಬರಬಹುದು.

ಅದಕ್ಕೆ ಸೋಮವಾರ ಸರಾಕಿನಿಕೊ, ಮಂಗಳವಾರ ಫಿರಿಪ್ಲಾಕಾ ಅಂತ ಮೊದಲೇ ಬರೆದುಕೊಂಡು ಹೋಗಬೇಡಿ. ಹಿಂದಿನ ರಾತ್ರಿ ಫೋನಿನಲ್ಲಿ ಗಾಳಿಯ ಮುನ್ಸೂಚನೆ ನೋಡಿ, ಹೋಟೆಲಿನವರನ್ನೂ ಕೇಳಿ. ಅವರಿಗೆ ಇದು ದಿನಾ ಕೇಳುವ ಪ್ರಶ್ನೆ. ಉತ್ತರದ ಗಾಳಿ ಇದ್ದರೆ ದಕ್ಷಿಣ ತೀರಕ್ಕೆ, ಅಂದರೆ ಪ್ರೊವಾತಾಸ್, ಫಿರಿಪ್ಲಾಕಾ, ಅಗಿಯಾ ಕಿರಿಯಾಕಿ, ಪಾಲಿಯೊಹೊರಿ. ದಕ್ಷಿಣದ ಗಾಳಿ ಇದ್ದರೆ ಉತ್ತರ ತೀರಕ್ಕೆ, ಅಂದರೆ ಸರಾಕಿನಿಕೊ, ಮಂದ್ರಾಕಿಯಾ, ಫಿರೊಪೊತಾಮೊಸ್. ದ್ವೀಪ ಚಿಕ್ಕದು, ಒಂದು ತೀರದಿಂದ ಇನ್ನೊಂದಕ್ಕೆ ಕಾರಿನಲ್ಲಿ ಅರ್ಧ ಗಂಟೆ ಸಾಕು. ಬೆಳಿಗ್ಗೆ ತಪ್ಪು ಕಡೆ ಹೋಗಿದ್ದರೂ ತಿರುಗಿ ಬರಬಹುದು. ಗಾಳಿ ನೋಡದೆ ಬಂದು ಸರಾಕಿನಿಕೊದಲ್ಲಿ ಅಲೆ ಬಡಿಯುವುದನ್ನು ನೋಡಿ, ಇಷ್ಟು ದುಡ್ಡು ಸುರಿದು ಬಂದದ್ದು ಇದಕ್ಕಾ ಅಂತ ಬೇಜಾರಾದವರು ಬೇಕಾದಷ್ಟು ಜನ. ಅದೇ ಹೊತ್ತಿಗೆ ಪ್ರೊವಾತಾಸ್‌ನಲ್ಲಿ ನೀರು ಅಲುಗಾಡದೆ ನಿಂತಿರುತ್ತದೆ.

ಸರಾಕಿನಿಕೊ ಬಗ್ಗೆ ಇನ್ನೊಂದು ವಿಷಯ. ಫೋಟೊ ನೋಡಿ ಎಲ್ಲರೂ ಅದನ್ನು ಮಕ್ಕಳು ಆಡುವ ಮರಳಿನ ಬೀಚ್ ಅಂದುಕೊಳ್ಳುತ್ತಾರೆ. ಅಲ್ಲಿ ಮರಳು ಇರುವುದು ಒಂದು ಸಣ್ಣ ತುಂಡು ಜಾಗದಲ್ಲಿ ಮಾತ್ರ, ಉಳಿದದ್ದೆಲ್ಲ ಬಂಡೆ. ಒಂದು ಮರವಿಲ್ಲ, ನೆರಳಿಲ್ಲ. ಬಿಳಿ ಕಲ್ಲು ಬಿಸಿಲನ್ನು ಕೆಳಗಿನಿಂದಲೂ ಮುಖಕ್ಕೆ ಹೊಡೆಯುತ್ತದೆ. ಟೋಪಿ ಹಾಕಿದರೂ ಗದ್ದದ ಕೆಳಗೆ ಸುಡುತ್ತದೆ. ಕಲ್ಲಿನ ಮೇಲೆ ನುಣ್ಣನೆ ಪುಡಿ ಇರುವುದರಿಂದ ಹವಾಯಿ ಚಪ್ಪಲಿ ಜಾರುತ್ತದೆ, ಹಿಡಿತ ಇರುವ ಶೂ ಬೇಕು. ಬೆಳಿಗ್ಗೆ 8ರ ಒಳಗೆ ಹೋಗಿ, ಇಲ್ಲವೇ ಸಂಜೆ ಹೋಗಿ. ಎರಡು ಗಂಟೆ ಸಾಕು. ಜನ ಬಂಡೆಯಿಂದ ನೀರಿಗೆ ಹಾರುತ್ತಿರುತ್ತಾರೆ. ಅವರನ್ನು ನೋಡಿ ಮಗಳಿಗೆ ಆಸೆಯಾಗಬಹುದು, ಬೇಡ. ಆ ಕಿರಿದಾದ ಸಂದಿಗೆ ಅಲೆ ನುಗ್ಗಿದರೆ ಈಜು ಬಲ್ಲವರಿಗೂ ಮೇಲೆ ಹತ್ತಲು ಹಿಡಿತ ಸಿಗುವುದಿಲ್ಲ. ಪಕ್ಕದಲ್ಲಿ ಹಳೆಯ ಗಣಿಗಾರಿಕೆಯ ಸುರಂಗಗಳಿವೆ, ಅವುಗಳ ಒಳಗೂ ಹೋಗಬೇಡಿ.

ಈಜು ಬಾರದವರಿಗೆ ಮಿಲೋಸ್ ಸಮುದ್ರ ಹೇಗೆ? ಮುರುಡೇಶ್ವರ, ಮರವಂತೆ ನೋಡಿ ಬೆಳೆದ ನಮಗೆ ಅದು ಮೊದಲ ನೋಟಕ್ಕೆ ಏನೂ ಅಲ್ಲ ಅನ್ನಿಸುತ್ತದೆ. ಉಬ್ಬರವಿಳಿತ ಬಹಳ ಕಡಿಮೆ, ಗಾಳಿಯಿಲ್ಲದ ದಿನ ಅಲೆಯೂ ಇಲ್ಲ, ತಳದ ಕಲ್ಲು ಎಣಿಸಬಹುದು. ಮೋಸ ಆಗುವುದು ಅಲ್ಲೇ. ನೀರು ಅಷ್ಟು ತಿಳಿಯಾಗಿರುವುದರಿಂದ ಸೊಂಟದ ಮಟ್ಟ ಅನ್ನಿಸಿದ ಜಾಗ ತಲೆ ಮುಳುಗುವಷ್ಟು ಇರುತ್ತದೆ. ಬೀಚಿನಿಂದ ಬೀಚಿಗೆ ಆಳವೂ ಬೇರೆ. ಪ್ರೊವಾತಾಸ್‌ನಲ್ಲಿ ಮರಳು ನಿಧಾನವಾಗಿ ಇಳಿಯುತ್ತದೆ. ಪೊಲೊನಿಯಾ ಊರ ಬೀಚ್ ಕೂಡ ಹಾಗೇ, ಅಲ್ಲಿ ನೆರಳಿಗೆ ಮರಗಳಿವೆ, ಎದ್ದು ನಾಲ್ಕು ಹೆಜ್ಜೆ ನಡೆದರೆ ಊಟದ ಜಾಗ. ಅದಾಮಾಸ್ ಬಂದರಿನ ಪಕ್ಕದ ಪಾಪಿಕಿನೂ ಬೀಚಿನಲ್ಲೂ ಮರದ ನೆರಳಿದೆ. ಜೀವರಕ್ಷಕರು ಎಲ್ಲ ಕಡೆ ಇರುವುದಿಲ್ಲ, ಅಕ್ಟೋಬರ್‌ನಲ್ಲಿ ಇದ್ದಾರೆ ಅಂತ ನಂಬಲೇಬೇಡಿ. ಮಗಳ ಅಳತೆಯ ಲೈಫ್ ಜಾಕೆಟ್ ಇಲ್ಲಿಂದಲೇ ತಗೊಂಡು ಹೋಗಿ. ಗಾಳಿ ತುಂಬುವ ಟ್ಯೂಬ್ ಬೇಡ. ದಡದಿಂದ ಸಮುದ್ರದ ಕಡೆ ಗಾಳಿ ಬೀಸಿದರೆ ಟ್ಯೂಬಿನಲ್ಲಿ ಕೂತ ಮಗು ನಿಮ್ಮ ಕಣ್ಣೆದುರೇ ದೂರ ಹೋಗುತ್ತದೆ. ನಿಮಗಿಬ್ಬರಿಗೂ ಈಜು ಬಾರದಿದ್ದರೆ ಹಿಡಿಯಲು ಆಗುವುದಿಲ್ಲ. ಇನ್ನೂ ಸಮಯವಿದ್ದರೆ ಮಗಳನ್ನೂ ನಿಮ್ಮಲ್ಲಿ ಒಬ್ಬರನ್ನೂ ಮೈಸೂರಿನಲ್ಲೇ ಈಜು ತರಗತಿಗೆ ಸೇರಿಸಿ. ಈ ಪ್ರವಾಸಕ್ಕೆ ಹಾಕುವ ದುಡ್ಡಿನಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಅದೇ.

ಕ್ಲೆಫ್ಟಿಕೊ ಅನ್ನುವ ಬಿಳಿ ಗುಹೆಗಳ ಜಾಗಕ್ಕೆ ಬೋಟಿನಲ್ಲೇ ಹೋಗುವುದು ರೂಢಿ. ದ್ವೀಪದ ನೈಋತ್ಯ ಮೂಲೆ. ಅದಾಮಾಸ್‌ನಿಂದ ಹೊರಡುವ ಬೋಟುಗಳು ಹೆಚ್ಚಾಗಿ ಇಡೀ ದಿನದವು. ಆಳದ ನೀರಿನಲ್ಲಿ ನಿಲ್ಲಿಸಿ ಇಳಿಯಿರಿ ಅಂತಾರೆ. ಇಳಿಯಲೇಬೇಕು ಅಂತೇನಿಲ್ಲ, ಬೋಟಿನಿಂದಲೇ ನೋಡಿದರೂ ಹೋದದ್ದು ಸಾರ್ಥಕ. ಬುಕ್ ಮಾಡುವಾಗ ಮೂರು ವಿಷಯ ಕೇಳಿ: ಎಲ್ಲರ ಅಳತೆಗೂ ಲೈಫ್ ಜಾಕೆಟ್ ಇದೆಯಾ, ಟಾಯ್ಲೆಟ್ ಇದೆಯಾ, ಗಾಳಿ ಜಾಸ್ತಿಯಾಗಿ ರದ್ದಾದರೆ ಬೇರೆ ದಿನ ಕೊಡುತ್ತೀರಾ ಅಥವಾ ದುಡ್ಡು ವಾಪಸ್ ಮಾಡುತ್ತೀರಾ. ಅದನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ. ಮೊದಲ ಎರಡು ದಿನದಲ್ಲೇ ಇಟ್ಟರೆ, ರದ್ದಾದರೂ ಮುಂದೆ ದಿನಗಳಿರುತ್ತವೆ.

ಅತ್ತೆಯವರಿಗೆ ನಾನು ತೋರಿಸಬೇಕೆಂದಿರುವ ಬೀಚ್ ಪಾಲಿಯೊಹೊರಿ. ಅಲ್ಲಿ ನೆಲದಡಿಯ ಬಿಸಿ ಇನ್ನೂ ಮೇಲೆ ಬರುತ್ತಿದೆ. ಕೆಲವು ಕಡೆ ಮರಳಿನಲ್ಲಿ ಒಂದು ಗೇಣು ಅಗೆದರೆ ಕೈಗೆ ಬಿಸಿ ತಾಗುತ್ತದೆ. ದಡದ ಹತ್ತಿರ ನೀರಿನ ತಳದಿಂದ ಸಣ್ಣ ಗುಳ್ಳೆಗಳು ಏಳುತ್ತಿರುತ್ತವೆ, ಬಂಡೆಯ ಮೇಲೆ ಹಳದಿ ಗಂಧಕ ಕಟ್ಟಿರುತ್ತದೆ. ಅಲ್ಲಿನ ಒಂದು ಹೋಟೆಲಿನವರು ಬಿಸಿ ಮರಳಿನಲ್ಲಿ ಪಾತ್ರೆ ಹೂತಿಟ್ಟು ಅಡುಗೆ ಬೇಯಿಸುತ್ತಾರೆ. ಹೆದರಿರುವ ಯಜಮಾನರೂ ಇಲ್ಲಿ ಕೈಯಿಟ್ಟು ನೋಡಲಿ. ಆದರೆ ಗುಳ್ಳೆ ಏಳುವ ಜಾಗದಲ್ಲಿ ಮಗಳನ್ನು ಬರಿಗಾಲಿನಲ್ಲಿ ನಿಲ್ಲಿಸಬೇಡಿ. ನೀರು ಅಲ್ಲಿ ಬೇಗ ಆಳವಾಗುತ್ತದೆ ಅನ್ನುವುದೂ ಗಮನದಲ್ಲಿರಲಿ.

ಬೀಚ್ ಬೇಡವಾದ ದಿನಕ್ಕೂ ಮಿಲೋಸ್‌ನಲ್ಲಿ ಬೇಕಾದಷ್ಟಿದೆ. ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿರುವ ಕೈಯಿಲ್ಲದ ವೀನಸ್ ವಿಗ್ರಹ 1820ರಲ್ಲಿ ಸಿಕ್ಕಿದ್ದು ಇಲ್ಲೇ, ಹೊಲದಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ರೈತನಿಗೆ. ಅದರ ಪ್ರತಿಕೃತಿ ಪ್ಲಾಕಾ ಊರಿನ ಮ್ಯೂಸಿಯಂನಲ್ಲಿದೆ. ಅದಕ್ಕೂ ಬಹಳ ಹಿಂದೆ, ಲೋಹ ಗೊತ್ತಿಲ್ಲದ ಕಾಲದಲ್ಲಿ, ಇಲ್ಲಿನ ಜ್ವಾಲಾಮುಖಿಯ ಕಪ್ಪು ಗಾಜಿನಂಥ ಕಲ್ಲು, ಅಬ್ಸಿಡಿಯನ್, ಚೂರಿಯ ಅಲಗಿಗೆ ಅಂತ ಸಮುದ್ರ ದಾಟಿ ಹೋಗುತ್ತಿತ್ತು. ಅದಾಮಾಸ್‌ನ ಗಣಿ ಮ್ಯೂಸಿಯಂನಲ್ಲಿ ದ್ವೀಪದ ಖನಿಜಗಳನ್ನು ನೋಡಬಹುದು. ಬೆಂಟೊನೈಟ್, ಪರ್ಲೈಟ್ ಗಣಿಗಾರಿಕೆ ಇಂದಿಗೂ ಅಲ್ಲಿ ದೊಡ್ಡ ಉದ್ಯಮ. 10 ವರ್ಷದ ಮಗುವಿಗೆ ಇಷ್ಟವಾಗುತ್ತದೆ.

ಸ್ಯಾಂಟೊರಿನಿಯನ್ನು ಯಾಕೆ ಬೇಡ ಅಂತೀನಿ ಅಂದರೆ, ಅದರ ಸೊಗಸು ಬೀಚಿನದಲ್ಲ. ಫೋಟೊದಲ್ಲಿ ಕಾಣುವ ಬಿಳಿ ಮನೆಗಳು ಇರುವುದು ಕುಸಿದ ಜ್ವಾಲಾಮುಖಿಯ ಅಂಚಿನ ಮೇಲೆ, ಸಮುದ್ರದಿಂದ ತುಂಬಾ ಎತ್ತರದಲ್ಲಿ. ಅಲ್ಲಿ ಮೆಟ್ಟಿಲೋ ಮೆಟ್ಟಿಲು. ಬೀಚುಗಳು ದ್ವೀಪದ ಇನ್ನೊಂದು ಬದಿಯಲ್ಲಿವೆ: ಕಮಾರಿ, ಪೆರಿಸ್ಸಾ, ಪೆರಿವೊಲೊಸ್. ಕಪ್ಪು ಮರಳು, ಕಪ್ಪು ಕಲ್ಲು, ಮಧ್ಯಾಹ್ನಕ್ಕೆ ಕಾಲಿಟ್ಟರೆ ಸುಡುತ್ತದೆ. ಅವು ಕೆಟ್ಟ ಬೀಚುಗಳಲ್ಲ, ಆದರೆ ಅದಕ್ಕೋಸ್ಕರ ಅಷ್ಟು ದೂರ, ಅಷ್ಟು ಬೆಲೆ ಕೊಟ್ಟು ಹೋಗಬೇಕಿಲ್ಲ. ಕೆಂಪು ಬೀಚ್ ಅನ್ನುವಲ್ಲಿ ಮೇಲಿನಿಂದ ಕಲ್ಲು ಬೀಳುವ ಅಪಾಯವಿದೆ, ದೂರದಿಂದ ನೋಡಿದರೆ ಸಾಕು. ಮನಸ್ಸು ತಡೆಯದೆ ಹೋಗಲೇಬೇಕು ಅಂದರೆ ಇನ್ನೂ ಎರಡು ರಾತ್ರಿ ಸೇರಿಸಿ, ಕಮಾರಿಯಲ್ಲಿ ಉಳಿಯಿರಿ. ಅಕ್ರೊತಿರಿಯಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ಪ್ರಾಚೀನ ಊರನ್ನು ಅಗೆದು ತೆಗೆದಿದ್ದಾರೆ. ಮೇಲೆ ಚಾವಣಿ ಇದೆ, ಅತ್ತೆಯವರು ನೆರಳಲ್ಲೇ ನಡೆದು ನೋಡಬಹುದು.

ಏಜೆಂಟ್ ಹೇಳಿದ 7 ರಾತ್ರಿ, ನಾಲ್ಕು ಊರು. ಕಾಗದದ ಮೇಲೆ ಎರಡು ಗಂಟೆಯ ಹಡಗು ಅಂತ ಇರುತ್ತದೆ. ನಿಜದಲ್ಲಿ ಬೆಳಿಗ್ಗೆ ಎದ್ದು ಪೆಟ್ಟಿಗೆ ಕಟ್ಟಿ, ರೂಮ್ ಬಿಟ್ಟು, ಬಂದರಿಗೆ ಒಂದು ಗಂಟೆ ಮುಂಚೆ ಹೋಗಿ, ಹಡಗು ತಡವಾಗಿ ಬಂದು, ನೂಕುನುಗ್ಗಲಿನಲ್ಲಿ ಪೆಟ್ಟಿಗೆ ಹತ್ತಿಸಿ, ಆ ಕಡೆ ಇಳಿದು, ಹೊಸ ರೂಮ್ ಖಾಲಿಯಾಗುವವರೆಗೆ ಕಾದು ಕೂರುವಷ್ಟರಲ್ಲಿ ಒಂದು ದಿನ ಹೋಗುತ್ತದೆ. ಇದನ್ನೇ ಮೂರ್ನಾಲ್ಕು ಸಲ ಮಾಡಿದರೆ ಬೀಚಿಗೆ ಉಳಿಯುವುದು ಏನು? ಅದರ ಮೇಲೆ ಗಾಳಿ ಜೋರಾದರೆ ಬಂದರಿನವರು ಹಡಗು ಬಿಡುವುದಿಲ್ಲ. ಗಾಳಿಯ ಬಲ ಹೇಳುವ ಬೊಫೋರ್ಟ್ ಅಳತೆಯಲ್ಲಿ 8ರ ಆಸುಪಾಸು ಮುಟ್ಟಿದರೆ ದೊಡ್ಡ ಹಡಗುಗಳೂ ನಿಲ್ಲುತ್ತವೆ, ಚಿಕ್ಕ ವೇಗದ ಹಡಗುಗಳು ಅದಕ್ಕಿಂತ ಮುಂಚೆಯೇ ನಿಲ್ಲಬಹುದು. ಒಂದು ಹಡಗು ತಪ್ಪಿದರೆ ಮುಂದಿನ ಎಲ್ಲ ಬುಕಿಂಗೂ ಕುಸಿಯುತ್ತದೆ.

ನನ್ನ ಸಲಹೆ: ಅಥೆನ್ಸ್‌ನಲ್ಲಿ ಒಂದು ರಾತ್ರಿ ಇದ್ದು ಸುಸ್ತು ಕಳೆಯಿರಿ. ಮಿಲೋಸ್‌ನಲ್ಲಿ 5 ರಾತ್ರಿ. ಕೊನೆಗೆ ಅಥೆನ್ಸ್‌ಗೆ ವಾಪಸ್ ಬಂದು 2 ರಾತ್ರಿ. ಒಟ್ಟು 8, ಏಜೆಂಟ್ ಲೆಕ್ಕಕ್ಕಿಂತ ಒಂದು ಜಾಸ್ತಿ. ಕೊನೆಯ ಆ ಎರಡು ರಾತ್ರಿಯನ್ನು ಯಾರು ಏನೇ ಹೇಳಿದರೂ ಬಿಡಬೇಡಿ. ಹಡಗು ಒಂದು ದಿನ ತಡವಾದರೂ ನಿಮ್ಮ ಬೆಂಗಳೂರು ವಿಮಾನ ತಪ್ಪುವುದಿಲ್ಲ. ಎಲ್ಲ ಸರಿಹೋದರೆ ಆಕ್ರೊಪೊಲಿಸ್ ನಿಧಾನವಾಗಿ ನೋಡಬಹುದು. ಮಿಲೋಸ್ ಸಾಕೆನಿಸಿದ ದಿನ ಪೊಲೊನಿಯಾದಿಂದ ಅರ್ಧ ಗಂಟೆಯ ಚಿಕ್ಕ ಹಡಗಿನಲ್ಲಿ ಕಿಮೊಲೊಸ್ ದ್ವೀಪಕ್ಕೆ ಹೋಗಿ ಸಂಜೆ ಬನ್ನಿ, ಇನ್ನೊಂದು ದ್ವೀಪ ನೋಡಿದಂತಾಯಿತು.

ಮಿಲೋಸ್‌ಗೆ ಹೋಗಲು ಎರಡು ದಾರಿ. ಅಥೆನ್ಸ್ ಪಕ್ಕದ ಪಿರೇಯಸ್ ಬಂದರಿನಿಂದ ವೇಗದ ಹಡಗಾದರೆ ಸುಮಾರು 3 ಗಂಟೆ ಅಥವಾ ಸ್ವಲ್ಪ ಜಾಸ್ತಿ, ದೊಡ್ಡ ನಿಧಾನದ ಹಡಗಾದರೆ 5ರಿಂದ 7 ಗಂಟೆ. ಬೇಗ ಮುಟ್ಟುತ್ತದೆ ಅಂತ ಎಲ್ಲರೂ ವೇಗದ್ದನ್ನೇ ತಗೊಳ್ಳುತ್ತಾರೆ. ಗಾಳಿಯ ದಿನ ಅದು ಜಾಸ್ತಿ ಎಗರುತ್ತದೆ, ಒಳಗೇ ಕೂತಿರಬೇಕು, ಅರ್ಧ ಜನ ವಾಂತಿ ಮಾಡುತ್ತಿರುತ್ತಾರೆ. ದೊಡ್ಡ ಹಡಗು ಅಷ್ಟು ಅಲ್ಲಾಡುವುದಿಲ್ಲ, ಟಿಕೆಟ್ಟೂ ಅಗ್ಗ, ಹೊರಗೆ ನಿಂತು ಗಾಳಿ ತಗೊಳ್ಳಬಹುದು, ಸಾಮಾನ್ಯವಾಗಿ ಲಿಫ್ಟ್ ಇರುತ್ತದೆ. ಇನ್ನೊಂದು ದಾರಿ ಅಥೆನ್ಸ್‌ನಿಂದ ಪುಟ್ಟ ವಿಮಾನ, ಮುಕ್ಕಾಲು ಗಂಟೆಯ ಒಳಗೆ ಇಳಿಸುತ್ತದೆ. ಅತ್ತೆಯವರಿಗೆ ಅದೇ ಸುಖ. ಸೀಟು ಕಡಿಮೆ, ಲಗೇಜ್ ಮಿತಿ ನೋಡಿಕೊಳ್ಳಿ. ಹೋಗುವಾಗ ವಿಮಾನ, ಬರುವಾಗ ದೊಡ್ಡ ಹಡಗು ಅಂತ ಮಾಡಿದರೆ ಮಗಳಿಗೂ ಖುಷಿ.

ದಸರಾ ರಜೆಯ ಸಮಯ ಚೆನ್ನಾಗಿದೆ. ನಮ್ಮ ಏಪ್ರಿಲ್ ರಜೆಯಲ್ಲಿ ಹೋದರೆ ಅಲ್ಲಿ ಸಮುದ್ರ ಇನ್ನೂ ತಣ್ಣಗೆ ಕೊರೆಯುತ್ತಿರುತ್ತದೆ. ಬೇಸಿಗೆ ಇಡೀ ಕಾದ ನೀರು ಸೆಪ್ಟೆಂಬರ್ ಕೊನೆಗೂ 24 ಡಿಗ್ರಿ ಆಸುಪಾಸು ಇರುತ್ತದೆ, ಜನ ಕಡಿಮೆ, ರೂಮಿನ ಬೆಲೆಯೂ ಇಳಿದಿರುತ್ತದೆ. ದಸರಾ ಬೇಗ ಬಂದ ವರ್ಷ ಬಹಳ ಒಳ್ಳೆಯದು. ಅಕ್ಟೋಬರ್ ಎರಡನೇ ಅರ್ಧಕ್ಕೆ ಬಿದ್ದರೆ ಹಡಗು, ಬಸ್ಸು, ಬೋಟು ಎಲ್ಲ ಕಡಿಮೆಯಾಗಿರುತ್ತವೆ, ಊಟದ ಜಾಗಗಳೂ ಒಂದೊಂದಾಗಿ ಬಾಗಿಲು ಹಾಕುತ್ತಾ ಬರುತ್ತವೆ. ಹಾಗಿದ್ದರೆ ರಜೆಯ ಮೊದಲ ದಿನಗಳಲ್ಲೇ ಹೊರಡಿ.

ಉಳಿಯಲು ಪ್ಲಾಕಾ ಬೇಡ. ಊರು ಬಹಳ ಚೆಂದ, ಆದರೆ ಗುಡ್ಡದ ಮೇಲೆ, ಓಣಿ, ಮೆಟ್ಟಿಲು, ಕಾರು ಬಾಗಿಲವರೆಗೆ ಬರುವುದಿಲ್ಲ. ಪೊಲೊನಿಯಾ ಸಮತಟ್ಟು, ಸದ್ದಿಲ್ಲ. ಅದಾಮಾಸ್‌ನಲ್ಲಿ ಅಂಗಡಿ, ಬೇಕರಿ, ಔಷಧಿ, ಬಸ್ಸು ಎಲ್ಲ ಕಾಲ ಬಳಿ. ನಿಮಗೆ ಅದಾಮಾಸ್ ಅನುಕೂಲ. ಬುಕ್ ಮಾಡುವ ಮುಂಚೆ ನೆಲಮಹಡಿ ರೂಮಾ, ರಸ್ತೆಯಿಂದ ಎಷ್ಟು ಮೆಟ್ಟಿಲು ಅಂತ ಬರೆದು ಕೇಳಿ.

ಆ ನಾಲ್ಕು ಚಕ್ರದ ಬೈಕ್ ಬಗ್ಗೆ. ಅದರಲ್ಲಿ ಇಬ್ಬರು ಕೂರಬಹುದು, ನಿಮಗೆ ಎರಡು ಬೇಕಾಗುತ್ತವೆ. ಮಂಡಿನೋವಿನ ಅತ್ತೆಯವರನ್ನು ಕಾಲು ಅಗಲಿಸಿ ಕೂರಿಸುವುದು ಹೇಗೆ? ತಿರುವಿನಲ್ಲಿ, ಮರಳು ಬಿದ್ದ ರಸ್ತೆಯಲ್ಲಿ ಅವು ಪಲ್ಟಿ ಹೊಡೆಯುತ್ತವೆ. ನಮ್ಮ ಲೈಸೆನ್ಸ್ ಅದಕ್ಕೆ ನಡೆಯುತ್ತದಾ ಅನ್ನುವುದು ಬೇರೆ ಪ್ರಶ್ನೆ. ಅಪಘಾತವಾದರೆ ಇನ್ಶೂರೆನ್ಸ್‌ನವರು ಮೊದಲು ಕೇಳುವುದು ಅದನ್ನೇ. ಕಾರು ತಗೊಳ್ಳಿ. ಇಲ್ಲಿಂದಲೇ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸಿ, ಮೂಲ ಲೈಸೆನ್ಸೂ ಜೊತೆಗಿರಲಿ. ಅಲ್ಲಿ ರಸ್ತೆಯ ಬಲಗಡೆ ಓಡಿಸಬೇಕು, ಸ್ಟಿಯರಿಂಗ್ ಎಡಕ್ಕೆ, ಗೇರ್ ಬಲಗೈಗೆ. ಮೊದಲ ದಿನ ಕೈ ತಾನಾಗೇ ಬಾಗಿಲ ಕಡೆ ಹೋಗುತ್ತದೆ. ಗೇರಿಲ್ಲದ ಆಟೊಮ್ಯಾಟಿಕ್ ಕಾರು ಕೇಳಿ, ಅವು ಕಡಿಮೆ ಇರುವುದರಿಂದ ಮುಂಚೆಯೇ ಹಿಡಿದಿಡಿ. ದ್ವೀಪದ ಪಶ್ಚಿಮ ಭಾಗ ಬಹುಪಾಲು ಮಣ್ಣುರಸ್ತೆ. ಬಾಡಿಗೆ ಕಾರಿನವರ ಇನ್ಶೂರೆನ್ಸ್ ಹೆಚ್ಚಾಗಿ ಅಲ್ಲಿ ನಡೆಯುವುದಿಲ್ಲ, ಹೋಗಬೇಡಿ. ಓಡಿಸಲು ಧೈರ್ಯವಿಲ್ಲದಿದ್ದರೆ ಬಸ್ಸಿದೆ, ಅಕ್ಟೋಬರ್‌ನ ವೇಳಾಪಟ್ಟಿ ಮಾತ್ರ ಅಲ್ಲಿ ಹೋದ ದಿನವೇ ನೋಡಿಕೊಳ್ಳಿ.

ಊಟದ ಚಿಂತೆ ನೀವು ಅಂದುಕೊಂಡಷ್ಟಿಲ್ಲ. ಗ್ರೀಕರಲ್ಲಿ ಚರ್ಚಿನ ಉಪವಾಸದ ದಿನಗಳು ಜಾಸ್ತಿ, ಅದಕ್ಕೆ ಮಾಂಸ, ಮೊಟ್ಟೆ, ಹಾಲು ಇಲ್ಲದ ಅಡುಗೆ ಅವರ ಮನೆಯಲ್ಲೇ ಬೆಳೆದಿದೆ. ಹಳದಿ ಬೇಳೆ ನುಣ್ಣಗೆ ಬೇಯಿಸಿದ ಫಾವಾ, ಟೊಮೆಟೊ ಸಾಸಿನ ದೊಡ್ಡ ಬಿಳಿ ಬೀನ್ಸ್ ಗಿಗಾಂತೆಸ್, ತರಕಾರಿ ಒಟ್ಟಿಗೆ ಬೇಯಿಸಿದ ಬ್ರಿಯಾಮ್, ಕಡಲೆಕಾಳಿನ ರೆವಿಥಾದಾ. ಮಿಲೋಸ್, ಕಿಮೊಲೊಸ್ ಕಡೆಯ ಲಾದೆನಿಯಾ ಅಂದರೆ ರೊಟ್ಟಿಯ ಮೇಲೆ ಟೊಮೆಟೊ, ಈರುಳ್ಳಿ, ಆಲಿವ್ ಎಣ್ಣೆ ಹಾಕಿ ಬೇಯಿಸಿದ್ದು. ಬೇಕರಿಯಲ್ಲಿ ಬೆಳಿಗ್ಗೆ ತಗೊಂಡು ಬೀಚಿಗೆ ಕಟ್ಟಿಕೊಂಡು ಹೋಗಿ. ಎಚ್ಚರ ಬೇಕಾದದ್ದು ಎರಡು ಮೂರು ಕಡೆ. ಉಪವಾಸದ ಅಡುಗೆಯಲ್ಲಿ ಅವರು ಆಕ್ಟೋಪಸ್, ಸೀಗಡಿ ತಿನ್ನುತ್ತಾರೆ, ಹಾಗಾಗಿ ಸಮುದ್ರದ್ದೂ ಬೇಡ ಅಂತ ಬಿಡಿಸಿ ಹೇಳಿ. ಅನ್ನ ತುಂಬಿದ ಟೊಮೆಟೊ ಗೆಮಿಸ್ತಾದಲ್ಲಿ ಕೆಲವರು ಖೀಮಾ ಸೇರಿಸುತ್ತಾರೆ. ಪಾಲಕ್ ಕಡುಬು, ಚೀಸ್ ಕಡುಬುಗಳಲ್ಲಿ ಮೊಟ್ಟೆ ಇರುವುದು ಸಾಮಾನ್ಯ. ಸಾಂಪ್ರದಾಯಿಕ ಫೆಟಾ ಚೀಸಿಗೆ ಹಾಲು ಒಡೆಯಲು ಪ್ರಾಣಿಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಅತ್ತೆಯವರಿಗೆ ಇದನ್ನು ಮೊದಲೇ ಹೇಳಿಬಿಡಿ, ತಿನ್ನುವುದು ಬಿಡುವುದು ಅವರ ಇಷ್ಟ. ಅಡುಗೆಮನೆ ಇರುವ ರೂಮ್ ಸಿಕ್ಕರೆ ಅಕ್ಕಿ, ಮೊಸರು ಅಲ್ಲೇ ಸಿಗುತ್ತವೆ. ಸಾರಿನ ಪುಡಿ, ಉಪ್ಪಿನಕಾಯಿ ಇಲ್ಲಿಂದ ಒಯ್ಯಿರಿ. ಕುಡಿಯಲು ಬಾಟಲಿ ನೀರೇ ಇರಲಿ. ಟಾಯ್ಲೆಟ್ ಪೇಪರ್ ಕಮೋಡಿಗೆ ಹಾಕುವಂತಿಲ್ಲ, ಪಕ್ಕದ ಡಬ್ಬಿಗೆ ಹಾಕಬೇಕು.

ಪ್ಲಾಕಾದಲ್ಲಿ ಆರೋಗ್ಯ ಕೇಂದ್ರವಿದೆ. ದೊಡ್ಡ ತೊಂದರೆಯಾದರೆ ಅಥೆನ್ಸ್‌ಗೇ ಕಳಿಸುತ್ತಾರೆ. ಅದಕ್ಕೆ ಅತ್ತೆಯವರ ಮಾತ್ರೆಗಳು ಒಂದು ವಾರಕ್ಕೆ ಹೆಚ್ಚೇ ಇರಲಿ, ಡಾಕ್ಟರ ಚೀಟಿ ಜೊತೆಗಿರಲಿ. ಟ್ರಾವೆಲ್ ಇನ್ಶೂರೆನ್ಸ್ ತಗೊಳ್ಳುವಾಗ ಅವರ ಈಗಿನ ಕಾಯಿಲೆಗಳನ್ನು ಮುಚ್ಚಿಡದೆ ಬರೆಯಿರಿ. ಗ್ರೀಸ್‌ಗೆ ಬೇಕಾದ ಷೆಂಗೆನ್ ವೀಸಾಕ್ಕೆ (ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ) ಕನಿಷ್ಠ 30,000 ಯೂರೊ ವಿಮೆ ಹೇಗೂ ಕಡ್ಡಾಯ.

ವೀಸಾ ಶುಲ್ಕ ದೊಡ್ಡವರಿಗೆ 90 ಯೂರೊ, ಮಗಳಿಗೆ 45. ಅರ್ಜಿ ತೆಗೆದುಕೊಳ್ಳುವ ಕೇಂದ್ರದ ಸೇವಾಶುಲ್ಕ ಬೇರೆ. ಪ್ರವಾಸಕ್ಕೆ 6 ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ದಸರಾಕ್ಕೆ ಹೋಗುವವರು ಜೂನ್ ಒಳಗೆ ಅಪಾಯಿಂಟ್‌ಮೆಂಟ್ ಹಿಡಿಯಿರಿ. ಮಗಳ ಅರ್ಜಿಗೆ ತಂದೆತಾಯಿ ಇಬ್ಬರ ಸಹಿಯೂ ಬೇಕು. ವೀಸಾ ಕೈಗೆ ಬರುವವರೆಗೆ ರದ್ದು ಮಾಡಬಹುದಾದ ರೂಮುಗಳನ್ನೇ ಬುಕ್ ಮಾಡಿ. ಏಜೆಂಟ್‌ಗೆ ಪೂರ್ತಿ ದುಡ್ಡು ಕಟ್ಟಬೇಡಿ, ವೀಸಾ ಸಿಗದಿದ್ದರೆ ಎಷ್ಟು ವಾಪಸ್ ಅಂತ ಕಾಗದದ ಮೇಲೆ ಬರೆಸಿಕೊಳ್ಳಿ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ರೂಮಿನ ಬಾಡಿಗೆಯ ಮೇಲೆ ಸರ್ಕಾರದ ಹವಾಮಾನ ಶುಲ್ಕವೂ ಇದೆ. ಹೋಟೆಲ್ ದರ್ಜೆ ನೋಡಿ ಒಂದು ರೂಮಿಗೆ ರಾತ್ರಿಗೆ 2ರಿಂದ 15 ಯೂರೊ ಆಗುತ್ತದೆ. ಪ್ಯಾಕೇಜ್ ಬೆಲೆಯಲ್ಲಿ ಅದು ಸೇರಿದೆಯಾ, ಬೇರೆ ಕಟ್ಟಬೇಕಾ ಅಂತ ಅವರನ್ನೇ ಕೇಳಿ. ಮಿಕೊನೊಸ್, ಸ್ಯಾಂಟೊರಿನಿ ಎರಡನ್ನೂ ತೆಗೆದುಹಾಕಿ, ಅಥೆನ್ಸ್ 1, ಮಿಲೋಸ್ 5, ಅಥೆನ್ಸ್ 2 ಅಂತ ಹೊಸ ಲೆಕ್ಕ ಕೊಡಲು ಹೇಳಿ. ಅದಕ್ಕೆ ಅವರು ಒಪ್ಪದಿದ್ದರೆ ಬೇರೆಯವರನ್ನು ನೋಡಿ.